ಆರಾಕ ಇಡ್ರಿ ಅಂದಿದ್ದಳು

ಆಂಧ್ರದ ಗಡಿಯೂರು ರಾಯದುರ್ಗದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದು ರಿಪೇರಿ ಕೆಲಸ ಮಾಡುವ ಹೆಂಗಸಿಗೆ ನಾನೊಂದು ಸುಳ್ಳು ಹೇಳಿದೆ. ಎರಡೇ ಮಾತಿನ ಸುಳ್ಳು. ಹೇಳುವುದಕ್ಕೆ ಒಂದು ಉಸಿರು ಹಿಡಿಯಿತು, ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಎಪ್ಪತ್ತು ದಾಟಿದವಳು, ಮೂವತ್ತು ವರ್ಷ ಮಕ್ಕಳಿಗೆ ಸೈನ್ಸ್ ಹೇಳಿಕೊಟ್ಟವಳು ಇಂಥ ಕೆಲಸ ಮಾಡಿದೆನಲ್ಲ ಎಂದು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಅವಳು ಬೆಳುಗುಪ್ಪ ಕಡೆಯವಳು. ವಯಸ್ಸು ನಲವತ್ತೈದರ ಆಸುಪಾಸು. ಗಂಡ ಲಾರಿ ಓಡಿಸುತ್ತಾನೆ, ಹತ್ತು ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಾನೆ. ಒಬ್ಬಳೇ ಮಗಳನ್ನು ಮಡಕಶಿರಕ್ಕೆ ಕೊಟ್ಟಿದ್ದಾರೆ. ಮಡಕಶಿರ ನನ್ನ ತವರು. ಆ ನೆಪದಲ್ಲಿ ಅವಳು ನನ್ನನ್ನು ಬೀಗರ ಊರಿನವರು ಎಂದು ಛೇಡಿಸುತ್ತಿದ್ದಳು. ಮಹಿಳಾ ಸಂಘದವರು ಕೊಡಿಸಿದ ಮೂರು ತಿಂಗಳ ಟ್ರೈನಿಂಗಿನಲ್ಲಿ ಎಲ್‌ಇಡಿ ಬಲ್ಬು ಜೋಡಿಸುವುದನ್ನು ಕಲಿತಳಂತೆ. ಉಳಿದದ್ದನ್ನು ಫೋನಿನಲ್ಲಿ ನೋಡಿ, ಕೆಡಿಸಿ, ಮತ್ತೆ ಜೋಡಿಸಿ ತಾನೇ ಕಲಿತಳು. ಹಳ್ಳಿಗಳ ಬ್ಯಾಟರಿ ಸ್ಪ್ರೇಯರು, ಚಾರ್ಜಿಂಗ್ ಟಾರ್ಚು, ಜೀನ್ಸ್ ಹೊಲಿಯುವವರ ಮಿಷನ್ ಲೈಟು ಎಲ್ಲವೂ ಅವಳ ಮೇಜಿಗೆ ಬರುತ್ತವೆ. ಮೊದಮೊದಲು ಗಂಡಸರು ಬಾಗಿಲಲ್ಲಿ ನಿಂತು ಒಳಗೆ ಇಣುಕಿ, ರಿಪೇರಿ ಮಾಡೋರು ಎಲ್ಲಿ ಹೋಗ್ಯಾರ ಎಂದು ಕೇಳುತ್ತಿದ್ದರು. ಅವಳು ತಲೆ ಎತ್ತದೆ, ‘ಇಲ್ಲೇ ಅದಾರ. ಸೀರಿ ಉಟ್ಕೊಂಡಾರ, ಅದಕ್ಕ ಕಾಣವಲ್ರು’ ಅನ್ನುತ್ತಿದ್ದಳು.

ಮಧ್ಯಾಹ್ನ ಊಟವಾದ ಮೇಲೆ ನಾನು ಅವಳ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದು ವಾಡಿಕೆ. ಓಮ್ಸ್ ಲಾ ಬರೆದು ಬರೆದು ಸೀಮೆಸುಣ್ಣ ಸವೆಸಿದವಳು ನಾನು, ಆದರೆ ಒಂದು ದಿನವೂ ಸಾಲ್ಡ್ರಿಂಗ್ ಐರನ್ ಕೈಯಲ್ಲಿ ಹಿಡಿದವಳಲ್ಲ. ನಾನು ಕೆಲಸ ಮಾಡಿದ ಸ್ಕೂಲಿನ ಲ್ಯಾಬಿನಲ್ಲಿ ಅದು ಗಾಜಿನ ಬೀರುವಿನೊಳಗೆ ಡೆಕೊರೇಷನ್ನಿನ ಹಾಗೆ ಇರುತ್ತಿತ್ತು. ಅವಳು ಅದರ ಮೂತಿಯಿಂದ ಲೆಡ್ ಕರಗಿಸಿ ಕೂದಲಿನಂಥ ವೈರನ್ನು ಅಂಟಿಸುವುದನ್ನು ನೋಡುತ್ತ, ಇದರ ಪ್ರಿನ್ಸಿಪಲ್ ಹೀಗೆ ಎಂದು ನಾನು ಶುರು ಮಾಡುತ್ತಿದ್ದೆ. ಅವಳು ಹೌದ್ರಿ, ಹೌದ್ರಿ ಅನ್ನುತ್ತ ಕೆಲಸ ಮುಗಿಸಿ ಬಿಡುತ್ತಿದ್ದಳು. ನನ್ನ ಪ್ರಿನ್ಸಿಪಲ್ ಇನ್ನೂ ಅರ್ಧ ದಾರಿಯಲ್ಲಿರುತ್ತಿತ್ತು.

ಅವಳ ಐರನ್ ಅಗ್ಗದ್ದು. ಆದರೂ ಟೆಂಪರೇಚರ್ ಕಂಟ್ರೋಲ್ ಇರುವಂಥದು. ಹಿಡಿಯಲ್ಲೇ ಒಂದು ಪುಟ್ಟ ಚಕ್ರ, ಅದರ ಮೇಲೆ ಒಂದರಿಂದ ಆರರವರೆಗೆ ಅಂಕಿ. ಒಂದರಲ್ಲಿ ಕಾವು ಕಡಿಮೆ, ಆರರಲ್ಲಿ ಹೆಚ್ಚು. ಅವಳು ಮೂರು ದಾಟಿಸುತ್ತಿರಲಿಲ್ಲ. ಅಗ್ಗದ ಎತ್ತಿಗೆ ಹೆಚ್ಚು ಹೇರಬಾರದು ಅನ್ನುತ್ತಿದ್ದಳು.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಅದಿಲ್ಲದಿದ್ದರೆ ನನ್ನ ಸುಳ್ಳು ಸಣ್ಣದಾಗಿ ಕಾಣುತ್ತದೆ. ಅವಳ ತಾಯಿಗೆ ಐವತ್ತಕ್ಕೇ ಮರೆವು ಹತ್ತಿತ್ತು. ಮೊದಲು ಒಲೆ ಆರಿಸುವುದನ್ನು ಮರೆತಳು, ಆಮೇಲೆ ಮನೆಯ ದಾರಿ ಮರೆತಳು. ಕೊನೆಕೊನೆಗೆ, ತಲೆ ಬಾಚುತ್ತಿದ್ದ ಮಗಳ ಕೈ ಹಿಡಿದುಕೊಂಡು, ‘ನೀ ಯಾರ ಮಗಳವ್ವಾ, ಎಷ್ಟು ಮೆತ್ತಗ ಬಾಚ್ತೀ’ ಎಂದು ಕೇಳಿದಳಂತೆ. ಇದನ್ನು ಅವಳು ನನಗೆ ಒಂದೇ ಸಲ ಹೇಳಿದ್ದು. ಹೇಳುವಾಗ ಕೈಯಲ್ಲಿದ್ದ ಐರನ್ನನ್ನು ಸ್ಟ್ಯಾಂಡಿಗೆ ಇಟ್ಟು, ಸ್ವಿಚ್ ಕಡೆ ಒಂದು ಸಲ ನೋಡಿಕೊಂಡಳು. ಅವಳಿಗೆ ಇರುವ ಭಯ ಅದೊಂದೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಆ ಮಧ್ಯಾಹ್ನ ಅವಳಿಗೆ ಕೊರಿಯರ್ ಆಫೀಸಿನಿಂದ ಫೋನ್ ಬಂತು. ಪಾರ್ಟ್ಸಿನ ಪಾರ್ಸಲ್ ಬಂದಿದೆ, ಬೇಗ ಬಂದು ತೆಗೆದುಕೊಂಡು ಹೋಗಿ ಎಂದು. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತ ಹೊಸ್ತಿಲಲ್ಲಿ ತಿರುಗಿ ಏನೋ ಹೇಳಿದಳು. ಅದೇ ಹೊತ್ತಿಗೆ ಬೀದಿಯಲ್ಲಿ ಗೂಡ್ಸ್ ಆಟೊ ಒಂದು ಸದ್ದು ಮಾಡುತ್ತ ಹೋಯಿತು. ನನಗೆ ಕೇಳಿಸಿದ್ದು, ‘ಅಮ್ಮಾರೆ, ಅದನ್ನ ಆರಕ್ಕ ಇಡ್ರಿ, ಬಂದೆ.’

ನಮ್ಮ ಮಡಕಶಿರ ಕಡೆ ಬಿಸಿ ಪಾತ್ರೆ ಇಳಿಸಿದರೆ, ತಣ್ಣಗಾಗಲಿ ಎಂದು ‘ಆರೋಕಿಡು’ ಅನ್ನುತ್ತೇವೆ. ರಾಯದುರ್ಗದವರಿಗೆ ಅದು ‘ಆರಾಕ ಇಡು’. ಆರನೆಯ ಅಂಕಿಗೆ ಇಡು ಎನ್ನಬೇಕಾದರೆ ‘ಆರಕ್ಕ ಇಡು’. ಎರಡರ ನಡುವೆ ಇರುವುದು ಒಂದು ದೀರ್ಘ, ಒಂದು ಒತ್ತಕ್ಷರ. ನಲವತ್ತೈದು ವರ್ಷದಿಂದ ಈ ಊರಿನಲ್ಲಿದ್ದೇನೆ. ಹುಣಸೆಹಣ್ಣಿನ ಹುಳಿಯಿಂದ ಹಿಡಿದು ಬಿಸಿಲಿನವರೆಗೆ ಎಲ್ಲ ಒಗ್ಗಿದೆ. ಕಿವಿ ಮಾತ್ರ ಇನ್ನೂ ತವರಿನದೇ. ಅದೂ ಅಲ್ಲದೆ ‘ಬಂದೆ’ ಎಂದಳಲ್ಲ. ಈಗ ಬರುವವಳು ಐರನ್ ಕಾದಿರಲಿ ಎಂದೇ ಹೇಳಿರುತ್ತಾಳೆ ಎಂದು ನಾನು ತರ್ಕ ಮಾಡಿದೆ. ಮೂರರಲ್ಲಿದ್ದ ಚಕ್ರವನ್ನು ಆರಕ್ಕೆ ತಿರುಗಿಸಿದೆ. ಅವಳ ಕೆಲಸಕ್ಕೆ ಅಷ್ಟು ಕೈ ಹಾಕಿದ್ದಕ್ಕೇ ಒಂದು ಬಗೆಯ ಹೆಮ್ಮೆಯಾಯಿತು. ಕುರ್ಚಿಗೆ ಒರಗಿ ಪೇಪರ್ ಓದಿದೆ. ಓದುತ್ತ ನಿದ್ದೆ ಹೋದೆ.

ಕೊರಿಯರ್ ಆಫೀಸಿನ ಮನುಷ್ಯ ಊಟಕ್ಕೆ ಹೋಗಿದ್ದನಂತೆ. ಹತ್ತು ನಿಮಿಷಕ್ಕೆ ಬರಬೇಕಾದವಳು ಒಂದೂವರೆ ಗಂಟೆ ಕಾದಳು.

ನನಗೆ ಎಚ್ಚರವಾದದ್ದು ವಾಸನೆಗೆ. ಐರನ್ನಿನ ಮೂತಿ ಮಸಿಯಂತೆ ಕಪ್ಪಾಗಿ, ಅದರ ಹಿಂದಿನ ಕೊಳವೆ ನೀಲಿ ತಿರುಗಿತ್ತು. ಹಿಡಿಯ ಪ್ಲಾಸ್ಟಿಕ್ ಒಂದು ಕಡೆ ಮೆತ್ತಗಾಗಿ ಮಿರುಗುತ್ತಿತ್ತು. ಸ್ವಿಚ್ ಆರಿಸಿದೆ. ಆಮೇಲೆ ಅದೇ ಕೈಯಲ್ಲಿ ಚಕ್ರವನ್ನು ಆರರಿಂದ ಮೂರಕ್ಕೆ ತಂದಿಟ್ಟೆ. ಗಾಬರಿಯಲ್ಲಿ ಏನೋ ಆಗಿಹೋಯಿತು ಎಂದು ಬರೆಯಬಹುದು. ಆದರೆ ಹಾಗಾಗಲಿಲ್ಲ. ಆರು ಎಲ್ಲಿತ್ತು, ಮೂರು ಎಲ್ಲಿತ್ತು ಎಂದು ಕನ್ನಡಕ ಹಾಕಿಕೊಂಡು ನೋಡಿ ತಿರುಗಿಸಿದೆ. ಗಾಬರಿಯಾದವರು ಕನ್ನಡಕ ಹುಡುಕುವುದಿಲ್ಲ.

ಅವಳು ಪಾರ್ಸಲ್ ಕಂಕುಳಲ್ಲಿಟ್ಟುಕೊಂಡು ಬಂದವಳೇ ಮೂಗು ಅರಳಿಸಿದಳು. ಐರನ್ ಉರಿಯುತ್ತಲೇ ಇತ್ತು, ವಾಸನೆ ಬಂದ ಮೇಲೆ ಆರಿಸಿದೆ ಎಂದೆ. ಅಲ್ಲಿಯವರೆಗೆ ಅದು ಸುಳ್ಳಲ್ಲ. ಅವಳು ಹಿಡಿಯನ್ನು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು.

‘ಆರಾಕ ಇಡ್ರಿ ಅಂತ ಹೇಳಿ ಹೋದ್ನಲ್ರಿ, ಅಮ್ಮಾರೆ?’

ಈ ಸಲ ಬೀದಿಯಲ್ಲಿ ಆಟೊ ಇರಲಿಲ್ಲ. ದೀರ್ಘ ದೀರ್ಘವಾಗಿಯೇ ಕೇಳಿಸಿತು. ನಾನು ಮಾಡಿದ್ದೇನು ಎಂದು ಆ ಕ್ಷಣಕ್ಕೆ ತಿಳಿಯಿತು. ನಿಜ ಹೇಳಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಸೈನ್ಸ್ ಟೀಚರಮ್ಮ, ಆರು ಅಂದರೆ ಎಷ್ಟು ಕಾವು ಎಂದು ತಿಳಿಯದೆ ಐರನ್ ಸುಟ್ಟು, ಪಕ್ಕದಲ್ಲೇ ಬಾಯಿ ತೆರೆದು ಮಲಗಿದ್ದರು ಎಂದು ಬೀದಿಗೆಲ್ಲ ಹೇಳುತ್ತಿದ್ದಳು. ಆ ನಗುವಿಗೆ ಹೆದರಿದೆ. ಬೇರೆ ಕಾರಣವೇ ಇಲ್ಲ.

‘ಇಲ್ಲಮ್ಮ,’ ಎಂದೆ. ‘ನೀನೇನೂ ಹೇಳ್ಲಿಲ್ಲ.’

ಅವಳು ಹೊಸ್ತಿಲ ಕಡೆ ನೋಡಿದಳು, ತಾನು ಅಲ್ಲಿ ನಿಂತದ್ದನ್ನು ಹುಡುಕುವವಳಂತೆ. ಆಮೇಲೆ, ಹೇಳಬೇಕು ಅಂದುಕೊಂಡಿದ್ದೆ, ಹೇಳಲಿಲ್ಲವೇನೋ ಎಂದು ತನಗೆ ತಾನೇ ಮೆಲ್ಲಗೆ ಅಂದುಕೊಂಡಳು.

ಮರುದಿನ ಐರನ್ ಬಿಚ್ಚುವ ಕೆಲಸ ಶುರುವಾಯಿತು. ಪ್ಲಗ್ಗಿಗೆ ಹಾಕಿದರೆ ಹಿಡಿಯಲ್ಲಿನ ಪುಟ್ಟ ದೀಪ ಹತ್ತುತ್ತಿತ್ತು, ಮೂತಿ ಮಾತ್ರ ತಣ್ಣಗೆ. ನಾನು ಅವತ್ತು ಬೆಳಗ್ಗೆಯೇ ಹೋಗಿ ಕೂತೆ. ಏನಾದರೂ ಸಹಾಯ ಮಾಡುತ್ತೇನೆ, ಮೀಟರಿನ ಕಡ್ಡಿ ಹಿಡಿಯುತ್ತೇನೆ ಎಂದೆ. ಪ್ರಾಯಶ್ಚಿತ್ತವನ್ನು ಸಹಾಯದ ರೂಪದಲ್ಲಿ ಮಾಡಿ ಮುಗಿಸಿಬಿಡಬಹುದು ಎಂಬ ಅಗ್ಗದ ಲೆಕ್ಕ ಮನಸ್ಸಿನಲ್ಲಿತ್ತು. ಅವಳಿಗೆ ಅದು ತಿಳಿಯದೆ ಸಂತೋಷವಾಯಿತು. ‘ಸಾಲ್ಡ್ರಿಂಗ್ ರಿಪೇರಿ ಮಾಡಾಕ ಸಾಲ್ಡ್ರಿಂಗ್ ಬೇಕು. ಕ್ಷೌರಿಕನ ತಲಿ ಕ್ಷೌರಿಕಗ ಬರಲ್ಲ ನೋಡ್ರಿ’ ಎಂದು ನಕ್ಕಳು.

ಅವಳು ಕೆಲಸ ಮಾಡುವ ಕ್ರಮವೇ ಬೇರೆ. ನಾನಾಗಿದ್ದರೆ ಅನುಮಾನ ಬಂದ ಕಡೆಗೆ ನೇರವಾಗಿ ಹೋಗುತ್ತಿದ್ದೆ. ಅವಳು ಗೋಡೆಯಿಂದ ಶುರು ಮಾಡಿ ಮೂತಿಯವರೆಗೆ ಒಂದೊಂದನ್ನೇ ಕೇಳುತ್ತ ಬರುತ್ತಾಳೆ, ತಪ್ಪಿಲ್ಲದವರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸುವ ಪಂಚಾಯಿತಿಯ ಹಾಗೆ. ಮೊದಲು ವೈರು. ಮೀಟರಿನ ಒಂದು ಕಡ್ಡಿ ಪ್ಲಗ್ಗಿಗೆ, ಇನ್ನೊಂದು ಒಳಗಿನ ತುದಿಗೆ. ವೈರನ್ನು ಉದ್ದಕ್ಕೂ ಬಗ್ಗಿಸುತ್ತ ಬಂದಳು, ಎಲ್ಲೂ ‘ಬೀಪ್’ ನಿಲ್ಲಲಿಲ್ಲ. ವೈರಿಗೆ ಬಿಡುಗಡೆ. ಆಮೇಲೆ ಹಿಡಿಯ ಮೂರು ಸ್ಕ್ರೂ ತೆಗೆದಳು. ಒಳಗೆ ಬೆರಳಗಲದ ಹಸಿರು ಬೋರ್ಡು, ಅದರಿಂದ ಮೂತಿಯ ಕಡೆಗೆ ನಾಲ್ಕು ವೈರು. ಎರಡು ಕಾಯಿಸುವುದಕ್ಕೆ, ಇನ್ನೆರಡು ಎಷ್ಟು ಕಾದಿದೆ ಎಂದು ಬೋರ್ಡಿಗೆ ತಿಳಿಸುವ ಸೆನ್ಸರಿನವು. ಕಾಯಿಸುವ ಜೋಡಿಗೆ ಮೀಟರ್ ಹಚ್ಚಿದರೆ ಸರಿಯಾದ ಅಂಕಿ ಬಂತು. ಸೆನ್ಸರ್ ಜೋಡಿಗೆ ಹಚ್ಚಿದಾಗ ಮೀಟರಿನ ಎಡಮೂಲೆಯಲ್ಲಿ ಒಂದು ‘೧’ ಮಾತ್ರ ನಿಂತಿತು. ದಾರಿ ಎಲ್ಲೋ ಕಡಿದಿದೆ ಎಂದರ್ಥ.

ಕಡಿದ ಜಾಗವೂ ಸಿಕ್ಕಿತು. ಹಿಡಿಯ ಒಳಗೆ, ಮೂತಿಗೆ ಹತ್ತಿರದಲ್ಲಿ, ಸೆನ್ಸರಿನ ಒಂದು ವೈರನ್ನು ಕಾರ್ಖಾನೆಯವರು ಲೆಡ್ ಹಾಕಿ ಸೇರಿಸಿದ್ದರು. ಆ ಬೆಸುಗೆ ಕರಗಿ ಬಿಟ್ಟುಕೊಂಡಿತ್ತು. ಹಿಡಿಯನ್ನು ಕೊಡವಿದರೆ ಅವಳ ಅಂಗೈಗೆ ಸಾಸಿವೆ ಕಾಳಿನಷ್ಟು ಲೆಡ್ ಬಿತ್ತು.

ಬೋರ್ಡು ಯಾಕೆ ಕಾಯಿಸಲು ಒಪ್ಪುತ್ತಿಲ್ಲ ಎಂದು ನಾನು ವಿವರಿಸಿದೆ. ಕಾವು ಏರಿದಷ್ಟೂ ಆ ಸೆನ್ಸರಿನ ರೆಸಿಸ್ಟೆನ್ಸ್ ಏರುತ್ತದೆ. ವೈರು ಕಡಿದರೆ ರೆಸಿಸ್ಟೆನ್ಸ್ ಇನ್‌ಫಿನಿಟಿ. ಹಾಗಾಗಿ ಐರನ್ ತಣ್ಣಗಿದ್ದರೂ ಮಿತಿಮೀರಿ ಕಾದಿದೆ ಎಂದೇ ಬೋರ್ಡು ನಂಬುತ್ತದೆ, ಕರೆಂಟು ಕೊಡುವುದಿಲ್ಲ. ನನ್ನ ಪ್ರಿನ್ಸಿಪಲ್ ಅವಳಿಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಅವಳು ಮೆಚ್ಚಿಕೊಂಡು ತಲೆಯಾಡಿಸಿದಳು. ನಾಚಿಕೆಯಿಂದ ಸಾಯಬೇಕಾಗಿದ್ದ ನಾನು ಆ ಮೆಚ್ಚುಗೆಯನ್ನು ಸಂತೋಷವಾಗಿಯೇ ತೆಗೆದುಕೊಂಡೆ.

ಕರಗಿದ ಕಡೆ ಮತ್ತೆ ಲೆಡ್ ಹಾಕಿ ಉಪಯೋಗವಿಲ್ಲ ಎಂದು ಅವಳು ಹಳೆಯ ಕನೆಕ್ಟರಿನ ಒಳಗಿನ ಹಿತ್ತಾಳೆ ತುಂಡು ತೆಗೆದು, ಎರಡು ವೈರಿನ ತುದಿಗಳನ್ನು ಅದರೊಳಗೆ ತೂರಿಸಿ ಸ್ಕ್ರೂ ಬಿಗಿದಳು. ಇಸ್ತ್ರಿ ಪೆಟ್ಟಿಗೆಯಿಂದ ಬಿಚ್ಚಿಟ್ಟಿದ್ದ, ಕಾವು ತಡೆಯುವ ಬಿಳಿ ನೂಲಿನ ಕೊಳವೆಯನ್ನು ಅದರ ಮೇಲೆ ಹೊದಿಸಿದಳು. ಕಪ್ಪಾದ ಮೂತಿ ತೆಗೆದು ಡಬ್ಬಿಯಲ್ಲಿದ್ದ ಬೇರೆ ಮೂತಿ ಹಾಕಿದಳು. ಸ್ವಿಚ್ ಹಾಕಿ ಎರಡು ನಿಮಿಷಕ್ಕೆ ಲೆಡ್ ಕರಗಿತು. ನಾನು ಸರಿಹೋಯಿತಲ್ಲ ಎಂದು ಏಳಲು ಹೊರಟೆ. ನನ್ನ ಪಾಲಿಗೆ ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಕೆಟ್ಟದ್ದು ಸರಿಹೋದರೆ ಸಾಲದು, ಯಾಕೆ ಕೆಟ್ಟಿತು ಎಂದು ತಿಳಿಯಬೇಕು ಅವಳಿಗೆ. ಆ ಸಾಸಿವೆ ಕಾಳನ್ನು ಕಾಗದದ ಮೇಲೆ ಇಟ್ಟುಕೊಂಡು ಕೂತಳು. ಕೈ ಹಿಡಿಯುವ ಜಾಗದ ಒಳಗೇ ಲೆಡ್ ಕರಗಬೇಕಾದರೆ ಎಷ್ಟು ಕಾದಿರಬೇಕು ಎಂದಳು. ಮೊದಲು ಚಕ್ರದ ಮೇಲೆ ಅನುಮಾನಪಟ್ಟಳು. ಮೀಟರ್ ಹಚ್ಚಿ ಒಂದರಿಂದ ಆರರವರೆಗೆ ತಿರುಗಿಸಿದಳು, ಅಂಕಿ ಎಲ್ಲೂ ತಡವರಿಸದೆ ಏರಿತು. ಚಕ್ರಕ್ಕೂ ಬಿಡುಗಡೆ. ಆಮೇಲೆ ಐರನ್ನನ್ನು ಮೂರಕ್ಕೆ ಇಟ್ಟು, ಒಂದೂವರೆ ಗಂಟೆ ಅದರ ಮುಂದಿನಿಂದ ಏಳದೆ ಕೂತಳು. ಹತ್ತು ನಿಮಿಷಕ್ಕೊಮ್ಮೆ ಹಿಡಿಯನ್ನು ಕೆನ್ನೆಗೆ ತಾಗಿಸಿ ನೋಡುತ್ತಿದ್ದಳು, ಕೂಸಿನ ಜ್ವರ ನೋಡುವ ಹಾಗೆ. ಹಿಡಿ ಬೆಚ್ಚಗಾಯಿತು, ಬಿಸಿಯಾಗಲಿಲ್ಲ.

ಅವಳು ಸ್ವಿಚ್ ಆರಿಸಿ ನನ್ನ ಕಡೆ ತಿರುಗಿದಳು.

‘ಮೂರರಾಗ ಇದ್ದಿಲ್ರಿ ಅದು. ಆರಕ್ಕ ಇತ್ತು. ಆರಕ್ಕ ಇಟ್ಟಾಕಿ ನಾನ, ಬಂದ ಮ್ಯಾಲ ಮೂರಕ್ಕ ತಂದಾಕಿನೂ ನಾನ. ನಂಗ ಒಂದೂ ನೆನಪಿಲ್ಲ, ಅಮ್ಮಾರೆ.’

ವೈರು, ಬೋರ್ಡು, ಚಕ್ರ ಎಲ್ಲವನ್ನೂ ಮನೆಗೆ ಕಳಿಸಿದ ಮೇಲೆ ಉಳಿದವರು ಇಬ್ಬರು. ನನ್ನ ಮೇಲೆ ಅನುಮಾನಪಡುವುದು ಅವಳಿಗೆ ಹೊಳೆಯಲೇ ಇಲ್ಲ. ನಾನು ಹೇಳಬೇಕಾದ ಹೊತ್ತು ಅದು. ನಾಲಗೆಯ ತುದಿಗೆ ಬಂದಿತ್ತು ಎಂದು ಹೇಳಿಕೊಳ್ಳುವಷ್ಟೂ ಬಂದಿರಲಿಲ್ಲ. ‘ಟೀ ಮಾಡ್ಲಾ?’ ಎಂದು ಕೇಳಿದೆ.

ಅದಾದ ಮೇಲೆ ಅವಳು ಬೇರೆ ಹೆಂಗಸಾದಳು. ಸ್ವಿಚ್ ಆರಿಸಿ ಬಾಗಿಲವರೆಗೆ ಹೋಗಿ, ತಿರುಗಿ ಬಂದು ನೋಡಿ ಹೋಗುತ್ತಿದ್ದಳು. ಆರಿಸಿದಾಗಲೆಲ್ಲ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಸಂಜೆಗೆ ಸೆರಗು ಗಂಟುಗಂಟಾಗಿರುತ್ತಿತ್ತು. ಯಾವ ಗಂಟು ಯಾವುದಕ್ಕೆ ಎಂದು ತಿಳಿಯದೆ ಒಂದು ದಿನ ಅತ್ತಳು. ಸ್ಪ್ರೇಯರು ತಂದವರಿಗೆ, ಕೈ ನೋವು, ಬೇರೆ ಕಡೆ ತೋರಿಸ್ರಿ ಎಂದು ಹೇಳಿ ಕಳಿಸತೊಡಗಿದಳು. ಮನೆಗೆ ಬೆಂಕಿ ಬಿದ್ದರೆ ಗತಿ ಏನು, ಅದೂ ನಿಮ್ಮ ಮನೆ, ಈ ಕೆಲಸ ಸಾಕು, ಮಗಳ ಮನೆಗೆ ಹೋಗಿ ಬಿದ್ದಿರುತ್ತೇನೆ ಎಂದಳು. ನಾನು ಅವಳಿಗೆ ಧೈರ್ಯ ಹೇಳಿದೆ. ವಯಸ್ಸಾದ ಮೇಲೆ ಎಲ್ಲರಿಗೂ ಸ್ವಲ್ಪ ಮರೆವು ಸಹಜ ಎಂದೆ. ಕೊಟ್ಟದ್ದು ವಿಷ, ಹಚ್ಚಿದ್ದು ಬೆಲ್ಲ.

ಮಗಳು ಮಡಕಶಿರದಿಂದ ಫೋನ್ ಮಾಡಿ, ವಾರಕ್ಕೆರಡು ದಿನ ಅಲ್ಲಿಗೆ ನರದ ಡಾಕ್ಟರಮ್ಮ ಬರುತ್ತಾರೆ, ತೋರಿಸಿಯೇಬಿಡೋಣ ಎಂದಳು. ಹೊರಡುವ ಮುಂಚಿನ ದಿನ ಅವಳು ಬಂದು ನನ್ನ ಮುಂದೆ ನಿಂತಳು. ‘ನೀವೂ ಬರ್ರಿ, ಅಮ್ಮಾರೆ. ನಾ ಏನು ಹೇಳಿದ್ರೂ ಮರತಾಕಿ ಮಾತು. ನೀವು ಕಣ್ಣಾರ ಕಂಡೋರು, ನೀವು ಹೇಳಿದ್ರ ಡಾಕ್ಟರು ನಂಬ್ತಾರ.’

ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಕಲ್ಯಾಣದುರ್ಗದಲ್ಲೊಂದು ಬಸ್ಸು, ಪಾವಗಡದಲ್ಲೊಂದು ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಅವಳು ನನಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟಳು, ನೀರಿನ ಬಾಟಲಿಯ ಮುಚ್ಚಳ ತೆಗೆದು ಕೈಗೆ ಕೊಟ್ಟಳು. ಮಡಕಶಿರದ ಕೋಟೆ ಬೆಟ್ಟ ಕಂಡಾಗ ಪ್ರತಿಸಲ ನನ್ನ ಜೀವ ಅರಳುತ್ತದೆ. ಅಪ್ಪನ ಸೈಕಲ್ಲು, ರಜಾದಲ್ಲಿ ಟ್ರಂಕು ಹೊತ್ತು ಇಳಿಯುತ್ತಿದ್ದ ಬಸ್‌ಸ್ಟ್ಯಾಂಡು, ಹಿಪ್ಪುನೇರಳೆ ಸೊಪ್ಪಿನ ಗಾಡಿಗಳು ಎಲ್ಲ ನೆನಪಿಗೆ ಬರುತ್ತವೆ. ಆ ದಿನ ಬೆಟ್ಟವನ್ನು ನೋಡಲು ತಲೆ ಎತ್ತಲಾಗಲಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ತೆಲುಗಿನವರು, ಕನ್ನಡ ತಿಳಿಯುತ್ತಿತ್ತು. ಅವಳ ಮಾತನ್ನು ಪೂರ್ತಿ ಕೇಳಿದರು. ತಾಯಿಯ ವಿಷಯ ಬರೆದುಕೊಂಡರು. ಆಮೇಲೆ ನನ್ನ ಕಾಟನ್ ಸೀರೆ, ಕನ್ನಡಕ ನೋಡಿ ಇಂಗ್ಲಿಷಿಗೆ ತಿರುಗಿದರು. ನೀವು ಒಂದೇ ಮನೆಯಲ್ಲಿ ಇರುವವರು, ಇವರು ಹೇಳುವುದು ನಿಜವೇ, ಮರೆತದ್ದನ್ನು ನೀವು ನೋಡಿದ್ದೀರಾ ಎಂದು ಕೇಳಿದರು. ಅವಳು ನನ್ನನ್ನೇ ನೋಡುತ್ತಿದ್ದಳು, ತನ್ನ ಪರವಾಗಿ ಸಾಕ್ಷಿ ಹೇಳುತ್ತಾರೆ ಎಂಬ ನಂಬಿಕೆಯಲ್ಲಿ.

‘ಶಿ ಡಿಡ್ ನಾಟ್ ಫರ್ಗೆಟ್, ಡಾಕ್ಟರ್,’ ಎಂದೆ. ‘ಐ ಡಿಡ್ ಇಟ್. ಐ ಆ್ಯಮ್ ವೆರಿ ಸಾರಿ.’

ಉಳಿದದ್ದನ್ನೂ ಇಂಗ್ಲಿಷಿನಲ್ಲೇ ಹೇಳಿದೆ. ತಪ್ಪಾಗಿ ಕೇಳಿಸಿಕೊಂಡದ್ದು, ನಿದ್ದೆ, ಚಕ್ರ ತಿರುಗಿಸಿದ್ದು, ಎರಡು ಮಾತಿನ ಸುಳ್ಳು. ನಾನು ಓದಿದ ಬಳ್ಳಾರಿಯ ಕಾನ್ವೆಂಟಿನಲ್ಲಿ ಪ್ರತಿ ಶನಿವಾರ ಸಾಲಾಗಿ ನಿಂತು ಸಿಸ್ಟರ್ ಮುಂದೆ ವಾರದ ತಪ್ಪು ಒಪ್ಪಿಸುತ್ತಿದ್ದ ಅದೇ ಇಂಗ್ಲಿಷು, ಅದೇ ಸ್ಪಷ್ಟ ಉಚ್ಚಾರ. ಆ ಭಾಷೆಯಲ್ಲಿ ತಪ್ಪು ಒಪ್ಪುವುದು ನನಗೆ ಬಾಯಿಪಾಠ. ಒಪ್ಪಿದ ಮೇಲೆ ಬೆಂಚಿಗೆ ಹೋಗಿ ಕೂತರೆ ಮುಗಿಯಿತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಇದು ಈಕೆಗೆ ಗೊತ್ತೇ ಎಂದು ಈ ಸಲ ತೆಲುಗಿನಲ್ಲಿ ಕೇಳಿದರು. ಗೊತ್ತಿಲ್ಲ ಎಂದೆ. ನನಗೆ ಹೇಳಿ ಏನು ಉಪಯೋಗ, ಈಕೆಗೆ ಹೇಳಿ ಎಂದರು.

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಅವಳ ಕಡೆಗೆ ತಿರುಗಿದೆ. ಕನ್ನಡದಲ್ಲಿ ಅದೇ ಮಾತು ಬೆಟ್ಟ ಹತ್ತಿದ ಹಾಗಾಯಿತು. ಸಾರಿ ಎಂದರೆ ಬಾಯಿ ಒರೆಸಿಕೊಂಡ ಹಾಗೆ. ‘ತಪ್ಪಾಯ್ತು’ ಎನ್ನಬೇಕಾದರೆ ತಪ್ಪು ಇಡಿಯಾಗಿ ಬಾಯಿಂದಲೇ ಹೊರಗೆ ಬರಬೇಕು. ನೀನು ಹೇಳಿದ್ದೆ, ಹೊಸ್ತಿಲಲ್ಲಿ ನಿಂತು ಹೇಳಿದ್ದೆ, ನನಗೆ ಆರಕ್ಕೆ ಅಂತ ಕೇಳಿಸ್ತು ಎಂದೆ. ತಪ್ಪಾಯ್ತಮ್ಮ ಎಂದೆ.

ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. ‘ಹಂಗಾರ ನಾ ಹೇಳಿದ್ದೆ,’ ಎಂದಳು, ಕಳೆದುಹೋದ ಕೂಸು ಸಿಕ್ಕವಳ ದನಿಯಲ್ಲಿ. ಆ ಮಾತನ್ನು ಎರಡು ಸಲ ಅಂದಳು. ಆಮೇಲೆ ಒಂದೊಂದನ್ನೇ ಕೇಳತೊಡಗಿದಳು, ಗೋಡೆಯಿಂದ ಮೂತಿಯವರೆಗೆ ಬರುವ ಅದೇ ಕ್ರಮದಲ್ಲಿ.

‘ತಪ್ಪು ಕೇಳಿಸಿದ್ದು ಕಿವಿದು. ಅದಕ್ಕ ನಾ ಏನೂ ಅನ್ನಂಗಿಲ್ರಿ. ನಿದ್ದಿ ಬಂದದ್ದು ವಯಸ್ಸಿಂದು. ಮೂರಕ್ಕ ತಿರುವಿದ್ದು?’

ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

‘ನಾ ಸೆರಗಿಗೆ ಗಂಟು ಹಾಕ್ಕೋತ ಕುಂತಾಗ ನೀವು ಎದುರಿಗೆ ಕುಂತು ಟೀ ಕುಡಿದ್ರಿ. ಅದು ಯಾವ್ದರ ತಪ್ಪು?’

ದನಿ ಏರಿಸಲಿಲ್ಲ. ಏರಿಸಿದ್ದರೆ ಹಗುರವಾಗುತ್ತಿತ್ತು. ಡಾಕ್ಟರಮ್ಮ, ಹಾಗಿದ್ದರೆ ಪರೀಕ್ಷೆ ಬೇಡವಲ್ಲ ಎಂದರು. ಅವಳು ಬೇಕು ಎಂದಳು. ಬಂದದ್ದು ಬಂದಾಗಿದೆ, ತನ್ನ ತಲೆ ಹ್ಯಾಗಿದೆ ಎಂದು ತನಗೆ ಸ್ವಂತ ಗೊತ್ತಾಗಬೇಕು, ಇನ್ನೊಬ್ಬರ ಮಾತಿನ ಮೇಲೆ ಬೇಡ ಎಂದಳು. ನನ್ನ ಕಡೆ ನೋಡದೆ, ಇವರು ಹೊರಗೆ ಇರಲಿ ಎಂದೂ ಹೇಳಿದಳು.

ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದ ಅವಳ ಮಗಳ ಪಕ್ಕ ಕೂತೆ. ಪರದೆಯ ಒಳಗಿನಿಂದ ಡಾಕ್ಟರಮ್ಮನ ದನಿ ಕೇಳುತ್ತಿತ್ತು. ನೂರರಿಂದ ಏಳೇಳು ಕಳೆಯುತ್ತ ಬಾ ಎಂದರು. ‘ತೊಂಭೈ ಮೂಡು, ಎನಭೈ ಆರು, ಡೆಬ್ಬೈ ತೊಮ್ಮಿದಿ’ ಎಂದು ಅವಳು ತೆಲುಗಿನಲ್ಲಿ ತಡವರಿಸದೆ ಇಳಿದು ಹೋದಳು. ಒಳಗೆ ಏನಾಯಿತಜ್ಜಿ ಎಂದು ಮಗಳು ಕೇಳಿದಳು. ಅವಳಿಗೂ ಹೇಳಿದೆ. ಕನ್ನಡದಲ್ಲಿ ಎರಡನೆಯ ಸಲವೂ ಸುಲಭವಾಗಲಿಲ್ಲ. ಆ ಹುಡುಗಿ ನನ್ನ ಪಕ್ಕದಿಂದ ಏಳಲಿಲ್ಲ. ಕೈಚೀಲವನ್ನು ಮಾತ್ರ ನಮ್ಮಿಬ್ಬರ ನಡುವಿನಿಂದ ತೆಗೆದು ಆ ಕಡೆಗೆ ಇಟ್ಟುಕೊಂಡಳು.

ಪರೀಕ್ಷೆಯಲ್ಲಿ ಏನೂ ದೋಷವಿರಲಿಲ್ಲ. ಹೊರಗೆ ಬಂದಾಗ ಹೊತ್ತು ಮಧ್ಯಾಹ್ನ ದಾಟಿತ್ತು. ಮಗಳ ಮನೆ ಅಲ್ಲಿಂದ ಎರಡು ಬೀದಿ. ನಮ್ಮ ಕಡೆಯಾಗಲಿ ಅವಳ ಕಡೆಯಾಗಲಿ, ಆ ಹೊತ್ತಿನಲ್ಲಿ ಜೊತೆಗಿದ್ದವರನ್ನು, ಶತ್ರುವಾದರೂ ಸರಿ, ಒಂದು ತುತ್ತು ಉಂಡು ಹೋಗಿ ಅನ್ನದೆ ಕಳಿಸುವುದಿಲ್ಲ. ಅವಳು ನನ್ನನ್ನು ಉಣ್ಣಲು ಕರೆಯಲಿಲ್ಲ. ಮಗಳಿಗೆ, ‘ಇವರ್ನ ಪಾವಗಡದ ಬಸ್ ಹತ್ತಿಸಿ ಬಾ’ ಎಂದಳು. ತಾನು ನಾಲ್ಕು ದಿನ ಇದ್ದು ಬರುತ್ತೇನೆ ಎಂದು ನನಗೆ ಹೇಳಿ ಹೊರಟುಹೋದಳು. ಹುಟ್ಟಿದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ಎರಡು ಬಾಳೆಹಣ್ಣು ತಿಂದು ಬಸ್ಸು ಹತ್ತಿದೆ.

ನಾಲ್ಕು ದಿನಕ್ಕೆ ಸರಿಯಾಗಿ ಬಂದಳು. ಕೋಣೆಯ ಬಾಗಿಲು ತೆರೆದಳು, ಕೆಲಸ ಶುರು ಮಾಡಿದಳು. ಸ್ಪ್ರೇಯರುಗಳು ಮತ್ತೆ ಬಂದು ಸಾಲಾಗಿ ನಿಂತವು. ಸೆರಗಿನ ಗಂಟುಗಳು ಹೋದವು. ನಾನು ಮಧ್ಯಾಹ್ನ ಹೋಗಿ ಕೂರುವುದನ್ನು ಬಿಟ್ಟೆ. ಬನ್ನಿ ಎಂದೂ ಅವಳು ಕರೆಯಲಿಲ್ಲ, ಬರಬೇಡಿ ಎಂದೂ ಹೇಳಲಿಲ್ಲ.

ಇದನ್ನು ಬರೆಯುತ್ತ ಕೊನೆಯ ಹತ್ತಿರ ಬಂದಾಗ ನನಗೊಂದು ವಿಷಯ ಹೊಳೆಯಿತು. ಅವಳು ಓದಿದ್ದು ತೆಲುಗು ಮೀಡಿಯಂ. ದಿನವೆಲ್ಲ ಕನ್ನಡ ಆಡುತ್ತಾಳೆ, ಆದರೆ ಕನ್ನಡ ಅಕ್ಷರ ಬಾರದು. ನನ್ನ ತಪ್ಪನ್ನು ಊರಿಗೆಲ್ಲ ಹೇಳುತ್ತಿದ್ದೇನೆ ಎಂದುಕೊಂಡು, ಅವಳೊಬ್ಬಳು ಮಾತ್ರ ಓದಲಾಗದ ಲಿಪಿಯಲ್ಲಿ ಬರೆಯುತ್ತಿದ್ದೆ. ಹಾಳೆಗಳನ್ನು ಹಿಡಿದುಕೊಂಡು ಇವತ್ತು ಮಧ್ಯಾಹ್ನ ಅವಳ ಕೋಣೆಗೆ ಹೋದೆ. ಓದಿ ಹೇಳಲೇ ಎಂದು ಕೇಳಿದೆ. ಕೂರ್ರಿ ಎಂದಳು.

ಬಸ್ಸು ಹತ್ತಿದ ಕಡೆಯವರೆಗೂ ಓದಿದೆ. ಅವಳು ಕೆಲಸ ನಿಲ್ಲಿಸದೆ ಕೇಳಿದಳು. ಮುಗಿದ ಮೇಲೆ ಒಂದು ಟಾರ್ಚಿನ ವೈರು ಅಂಟಿಸಿ, ಊದಿ, ಎಳೆದು ನೋಡಿ ಪಕ್ಕಕ್ಕಿಟ್ಟಳು.

‘ಉಣ್ಣಾಕ ಕರೀಲಿಲ್ಲ ಅಂತ ಬರದೀರಿ. ಅದನ್ನ ಓದಿದೋರು ಪಾಪ, ಮರತಿರಬೇಕು ಅಂದ್ಕೋತಾರ. ನೆನಪಿದ್ದು ಕರೀಲಿಲ್ಲ ಅಂತ ಬರೀರಿ.’

ಬರೆದಿದ್ದೇನೆ.